ರೀಡಿಂಗ್ ಆಯಿತೇ? ಕೀ ತೆಗೆ!

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಕರೆದಾಗ ಸಮಿತಿಯವರು, "ನೀವು ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತೀರೋ ಅದನ್ನೇ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಿ" ಅಂದರು. ನಾನು ಒಪ್ಪಿಕೊಂಡೆ. ಆಮೇಲೆ ಯೋಚನೆಗೆ ಬಿತ್ತು. ಇಪ್ಪತ್ತೈದು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಏನೆಂದು ನಮ್ಮ ಅವ್ವನಿಗೆ ಇವತ್ತಿಗೂ ಹೇಳಲು ಆಗಿಲ್ಲ. ಯಾರಾದರೂ ಕೇಳಿದರೆ ಅವಳು "ಕಂಪ್ಯೂಟ್ರು ಒಳಗೆ ಏನೋ ಮಾಡ್ತಾನೆ" ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ. ಇವತ್ತು ನಿಮ್ಮ ಮುಂದೆ ಇನ್ನೊಂದು ಸಲ ಪ್ರಯತ್ನ ಮಾಡುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಇದೆ. ಆ ತಪ್ಪಿಗೆ ಪಾಠ ನನಗೆ ಈ ಶಾಲೆಯಲ್ಲೇ ಮೊದಲೇ ಹೇಳಿಯಾಗಿತ್ತು. ನಾನು ಮರೆತಿದ್ದೆ, ಅಷ್ಟೇ.

ಹತ್ತನೇ ತರಗತಿಯಲ್ಲಿ ಓಮನ ನಿಯಮದ ಪ್ರಯೋಗ ಎಲ್ಲರಿಗೂ ಗೊತ್ತು. ನಮ್ಮ ಕಾಲದಲ್ಲಿ ಇಡೀ ತರಗತಿಗೆ ಇದ್ದದ್ದು ಒಂದೇ ಸೆಟ್ಟು. ಎರಡು ಟಾರ್ಚ್ ಸೆಲ್ಲು, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, ಒಂದು ತುಂಡು ನಿಕ್ರೋಮ್ ತಂತಿ, ಹಿತ್ತಾಳೆಯ ಒಂದು ಪ್ಲಗ್ ಕೀ. ನಾಲ್ಕು ನಾಲ್ಕು ಜನ ಬಂದು ರೀಡಿಂಗ್ ತೆಗೆದುಕೊಳ್ಳಬೇಕು. ನಮ್ಮ ವಿಜ್ಞಾನದ ಮೇಷ್ಟ್ರು ಮೇಜಿನ ಪಕ್ಕದಲ್ಲೇ ನಿಂತಿರುತ್ತಿದ್ದರು. ಮುಳ್ಳು ನಿಂತಿತು, ನಾವು ಅಂಕಿ ಬರೆದುಕೊಂಡೆವು, ತಕ್ಷಣ ಅವರ ಧ್ವನಿ: "ರೀಡಿಂಗ್ ಆಯ್ತೇನ್ರೋ? ಕೀ ತೆಗೀರಿ!" ಕೀ ತೆಗೆಯುವುದು ಒಂದು ಕ್ಷಣ ತಡವಾದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಏಟು. ಯಾಕೆ ಸಾರ್ ಎಂದು ಒಬ್ಬ ಕೇಳಿದ. "ತಂತಿ ಬಿಸಿಯಾದರೆ ನಿನ್ನ ರೀಡಿಂಗೇ ತಪ್ಪುತ್ತದೆ. ಸೆಲ್ಲು ಖಾಲಿಯಾದರೆ ನಿನ್ನ ಹಿಂದೆ ನಿಂತಿರೋನಿಗೆ ರೀಡಿಂಗೇ ಇಲ್ಲ" ಅಂದರು. ಆ ಮೇಷ್ಟ್ರು ಇವತ್ತು ಮೊದಲನೇ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಆ ಏಟಿನ ಬಗ್ಗೆ ನನಗೇನೂ ಬೇಸರವಿಲ್ಲ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ನಾನು ಮಾಡುವುದು ಎ.ಡಿ.ಸಿ. ಎಂಬ ಒಂದು ಬಿಡಿಭಾಗದ ವಿನ್ಯಾಸ. ಅನಲಾಗ್ ಅನ್ನು ಡಿಜಿಟಲ್‌ಗೆ ಬದಲಾಯಿಸುವ ಪರಿವರ್ತಕ ಎಂದು ಅದರ ಪೂರ್ಣ ಹೆಸರು. ಹೆಸರಿಗೆ ಹೆದರಬೇಡಿ. ಬೆಳಿಗ್ಗೆ ಹಾಲಿನ ಡೇರಿಗೆ ಹೋಗುತ್ತೀರಲ್ಲ, ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕ್ಯಾನು ಇಟ್ಟ ಕೂಡಲೇ ಕೆಂಪು ಅಂಕಿ ಬರುತ್ತದೆ. ಕ್ಯಾನಿನ ಭಾರಕ್ಕೆ ಒಳಗಿನ ಲೋಹದ ಪಟ್ಟಿ ಕೂದಲೆಳೆಯಷ್ಟು ಬಾಗುತ್ತದೆ, ಅದಕ್ಕೆ ತಕ್ಕಂತೆ ಒಂದಿಷ್ಟು ಮಿಲಿವೋಲ್ಟ್ ಹುಟ್ಟುತ್ತದೆ. ಆ ವೋಲ್ಟೇಜು ಹೊಳೆಯ ನೀರಿನ ಹಾಗೆ, ಏರುತ್ತದೆ, ಇಳಿಯುತ್ತದೆ, ಅದಕ್ಕೆ ಮೆಟ್ಟಿಲಿಲ್ಲ. ಕಂಪ್ಯೂಟರಿಗೆ ಬೇಕಾದದ್ದು ಅಂಕಿ. ನಡುವೆ ಕುಳಿತು ಆ ವೋಲ್ಟೇಜನ್ನು ಅಳೆದು ಅಂಕಿ ಮಾಡಿ ಕೊಡುವುದೇ ಎ.ಡಿ.ಸಿ. ನಿಮ್ಮ ಮೊಬೈಲಿನಲ್ಲಿ ಮೈಕಿಗೊಂದು, ಕ್ಯಾಮೆರಾಕ್ಕೊಂದು, ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡಲಿಕ್ಕೊಂದು, ಹೀಗೆ ಹಲವು ಇರುತ್ತವೆ. ಆಸ್ಪತ್ರೆಯ ಇಸಿಜಿ ಯಂತ್ರದಲ್ಲಿದೆ, ಮೋಟರ್ ಬೈಕಿನಲ್ಲಿದೆ.

ಅದು ಅಳೆಯುವ ರೀತಿ ನಮ್ಮ ಆಲೆಮನೆಯವರಿಗೆ ಚೆನ್ನಾಗಿ ಗೊತ್ತಿರುವ ರೀತಿಯೇ. ಒಂದು ಬೆಲ್ಲದ ಗಟ್ಟಿಯನ್ನು ಹಳೆಯ ಕಾಲದ ತಕ್ಕಡಿಯಲ್ಲಿ ತೂಗಬೇಕು ಅಂದುಕೊಳ್ಳಿ. ನಿಮ್ಮ ಹತ್ತಿರ ಇರುವುದು 8, 4, 2, 1 ಕಿಲೋದ ನಾಲ್ಕು ಬಟ್ಟು ಮಾತ್ರ. ಬೆಲ್ಲ ನಿಜವಾಗಿ 11 ಕಿಲೋ ಇದೆ. ಮೊದಲು 8 ಇಡುತ್ತೀರಿ. ಬೆಲ್ಲದ ಕಡೆಯೇ ತೂಕ ಜಾಸ್ತಿ, ಹಾಗಾಗಿ 8 ಅಲ್ಲೇ ಇರಲಿ. 4 ಸೇರಿಸಿದರೆ 12, ಬಟ್ಟಿನ ಕಡೆ ಇಳಿಯಿತು, 4 ತೆಗೆಯಿರಿ. 2 ಸೇರಿಸಿ, 10 ಆಯಿತು, ಇರಲಿ. 1 ಸೇರಿಸಿ, 11, ಸಮ. ನಾಲ್ಕೇ ಸಲ ನೋಡಿ 11 ಎಂದು ಹೇಳಿದಿರಿ. ಇಟ್ಟದ್ದಕ್ಕೆ ಒಂದು, ತೆಗೆದದ್ದಕ್ಕೆ ಸೊನ್ನೆ ಎಂದು ಬರೆದರೆ 1011. ಅದೇ ಕಂಪ್ಯೂಟರಿನ ಭಾಷೆ. ನಾಲ್ಕು ಬಟ್ಟಿನಿಂದ 16 ಮೆಟ್ಟಿಲು ಸಿಗುತ್ತದೆ, ಹತ್ತು ಬಟ್ಟು ಇದ್ದರೆ 1024 ಮೆಟ್ಟಿಲು. ನಮ್ಮ ಭಾಷೆಯಲ್ಲಿ ಅದಕ್ಕೆ ಹತ್ತು ಬಿಟ್ಟಿನ ಎ.ಡಿ.ಸಿ. ಅನ್ನುತ್ತೇವೆ. ನಿಮ್ಮ ಪ್ರಯೋಗಾಲಯದಲ್ಲಿ ಇರುವ ಆರ್ಡುಯಿನೊ ಬೋರ್ಡಿನೊಳಗೆ ಇರುವುದು ಇದೇ. ಅದು ಹತ್ತು ಸಲ ತೂಗಿ ಒಂದು ಅಂಕಿ ಕೊಡಲು ಸುಮಾರು 104 ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತದೆ. ಅಂದರೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ.

ಅವಸರವಿರುವವರಿಗೆ ಇನ್ನೊಂದು ರೀತಿ ಇದೆ. 1 ಕಿಲೋದಿಂದ 15 ಕಿಲೋವರೆಗೆ ಒಂದೊಂದು ಬಟ್ಟು ಇಟ್ಟ 15 ತಕ್ಕಡಿಗಳನ್ನು ಸಾಲಾಗಿ ನಿಲ್ಲಿಸಿ, ಎಲ್ಲದರಲ್ಲೂ ಒಂದೇ ಸಲ ತೂಗಿಬಿಡುವುದು. ಉತ್ತರ ಒಂದೇ ಏಟಿಗೆ ಬರುತ್ತದೆ. ಆದರೆ 15 ತಕ್ಕಡಿಗೆ 15 ಆಳು ಬೇಕು, ಎಲ್ಲರಿಗೂ ಕೂಲಿ ಕೊಡಬೇಕು. ಇದನ್ನೇ 8 ಬಿಟ್ಟಿಗೆ ಮಾಡಿದರೆ 255 ತಕ್ಕಡಿ, 10 ಬಿಟ್ಟಿಗೆ 1023 ತಕ್ಕಡಿ. ಇಲ್ಲಿ ಕೂಲಿ ಎಂದರೆ ಕರೆಂಟು. ನನ್ನ ಕೆಲಸದ ಮುಕ್ಕಾಲು ಪಾಲು ಈ ಕೂಲಿಯ ಲೆಕ್ಕವೇ. ಅಳತೆ ಪುಕ್ಕಟೆ ಬರುವುದಿಲ್ಲ ಮಕ್ಕಳೇ. ಪ್ರತಿಯೊಂದು ಅಳತೆಗೂ ಸೆಲ್ಲಿನಿಂದ ಒಂದಿಷ್ಟು ತೆರಬೇಕು.

ಇಷ್ಟು ಚಿಕ್ಕ ಖರ್ಚಿಗೆ ಇಷ್ಟು ದೊಡ್ಡ ಮಾತೇ ಎಂದು ನಮ್ಮ ಜಿಲ್ಲೆಯವರಿಗೆ ಅನ್ನಿಸಬಹುದು. ಕರೆಂಟು ಎಂದರೆ ನಮಗೆ ಶಿವನಸಮುದ್ರ. ಮಳವಳ್ಳಿ ತಾಲ್ಲೂಕಿನ ಆ ಬ್ಲಫ್‌ನಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ತು ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಅಲ್ಲಿಂದಲೇ. ನಮ್ಮ ಮನೆಗೆ ಮಾತ್ರ ಕರೆಂಟು ಬಂದದ್ದು ನಾನು ಹುಟ್ಟಿದ ಮೇಲೆ, ಆ ಮಾತು ಬೇರೆ. ಆ ಲೆಕ್ಕದ ಮುಂದೆ ನಮ್ಮ ಲೆಕ್ಕ ಹೇಗಿದೆ ನೋಡಿ. ನಾನು ಮುಂದೆ ಹೇಳುವ ಯಂತ್ರ ಮಲಗಿರುವಾಗ 30 ಮೈಕ್ರೋವಾಟ್ ತಿನ್ನುತ್ತದೆ. ಒಂದು 60 ವಾಟಿನ ಬಲ್ಬು ಉರಿಯುವ ಕರೆಂಟಿನಲ್ಲಿ ಅಂಥ 20 ಲಕ್ಷ ಯಂತ್ರಗಳನ್ನು ಮಲಗಿಸಿ ಇಡಬಹುದು.

ಹಾಗಾದರೂ ಯಾಕೆ ತಲೆ ಕೆಡಿಸಿಕೊಳ್ಳಬೇಕು? ತಂತಿ ಇರುವ ಕಡೆ ಬೇಡ. ತಂತಿ ಇಲ್ಲದ ಕಡೆ ಸೆಲ್ಲೇ ಗತಿ. ಎದೆಯೊಳಗೆ ಪೇಸ್‌ಮೇಕರ್ ಇಟ್ಟುಕೊಂಡವರನ್ನು ನೆನೆಸಿಕೊಳ್ಳಿ. ಅದರ ಬ್ಯಾಟರಿ ಮುಗಿದರೆ ಯಂತ್ರ ಬದಲಾಯಿಸಲು ಮತ್ತೆ ಆಪರೇಷನ್ ಮಾಡಬೇಕು. ಒಂದೊಂದು ಮೈಕ್ರೋಆಂಪಿಯರ್ ಉಳಿಸಿದರೂ ಆ ಆಪರೇಷನ್ ಅಷ್ಟು ಮುಂದಕ್ಕೆ ಹೋಗುತ್ತದೆ. ನಮ್ಮ ಹೊಲವೂ ಹಾಗೆಯೇ. ಹೊಲದ ನಡುವೆ ಪ್ಲಗ್ ಪಾಯಿಂಟ್ ಇರುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. ನಮ್ಮಣ್ಣ ಊರಿನಲ್ಲೇ ಇದ್ದಾನೆ. ಅವನದು ರೇಷ್ಮೆ. ಹಿಪ್ಪುನೇರಳೆ ತೋಟಕ್ಕೆ ಬೋರ್‌ವೆಲ್ ನೀರು, ಡ್ರಿಪ್ ಹಾಕಿಸಿದ್ದಾನೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಬ್ಯಾಟರಿ ಹಿಡಿದುಕೊಂಡು ಹೋಗಿ ಮೋಟಾರು ಹಾಕಬೇಕು. ಹಾವು, ಹುಳು, ಕತ್ತಲೆ. ಅಣ್ಣನಿಗೂ ವಯಸ್ಸಾಗುತ್ತಿದೆ. ಒಂದು ಯುಗಾದಿಗೆ ಊರಿಗೆ ಹೋಗಿದ್ದಾಗ ಅವನು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತಿದ್ದ. ನಾನು ಅಂದೆ: "ಅಣ್ಣ, ಮಣ್ಣಿನಲ್ಲಿ ತೇವ ಇದೆಯೋ ಇಲ್ಲವೋ ಮೊಬೈಲಿನಲ್ಲೇ ಗೊತ್ತಾಗೋ ಹಾಗೆ ಮಾಡಿಕೊಡ್ತೀನಿ. ಬೇಕಾದ ದಿನ ಮಾತ್ರ ಹೋಗು." ಅವನು ನಕ್ಕು, "ಮಾಡಪ್ಪ, ಓದ್ದೋನು ನೀನು" ಅಂದ.

ಮುಂದಿನ ಭಾನುವಾರವೇ ಮಾಡಿ ತಂದೆ. ಒಂದು ಚಿಕ್ಕ ಬೋರ್ಡು, ಮಣ್ಣಿಗೆ ಚುಚ್ಚುವ ತೇವದ ಸೆನ್ಸರ್, ಮನೆಯಲ್ಲಿರುವ ಪೆಟ್ಟಿಗೆಗೆ ಸುದ್ದಿ ಕಳಿಸುವ ಪುಟ್ಟ ರೇಡಿಯೊ, ಎರಡು ಸೆಲ್ಲು. ಮನೆಯ ಪೆಟ್ಟಿಗೆಯಿಂದ ಅಣ್ಣನ ಮೊಬೈಲಿಗೆ. ನಾನು ವೃತ್ತಿಯವನಲ್ಲವೇ, ಚೆನ್ನಾಗಿಯೇ ಅಳೆಯಲಿ ಎಂದು ಸೆಕೆಂಡಿಗೆ ಹತ್ತು ಸಲ ಅಳೆಯುವ ಹಾಗೆ ಪ್ರೋಗ್ರಾಂ ಬರೆದೆ. ಮೊಬೈಲಿನಲ್ಲಿ ಹಸಿರು ಬಣ್ಣದಲ್ಲಿ "ನೀರಿದೆ", ಕೆಂಪಿನಲ್ಲಿ "ನೀರು ಬೇಕು". ಅಣ್ಣ ನಾಲ್ಕು ಜನಕ್ಕೆ ಕರೆದು ತೋರಿಸಿದ. ನಾನು ಬೀಗಿಕೊಂಡು ಬೆಂಗಳೂರಿಗೆ ಬಸ್ಸು ಹತ್ತಿದೆ.

ಅಣ್ಣನ ಮನೆಯಲ್ಲಿ ಆಗ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ರೇಷ್ಮೆ ಮನೆಯ ಮಕ್ಕಳಿಗೆ ಇದು ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲಿ ಹುಳು ತನ್ನ ಇಡೀ ಆಯುಸ್ಸಿನ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ತಿನ್ನುತ್ತದೆ. ಆ ವಾರ ಸೊಪ್ಪು ಹಸಿಯಾಗಿ, ರಸವಾಗಿ ಇರಲೇಬೇಕು. ಅಣ್ಣ ಅತ್ತಿಗೆ ಹಗಲು ರಾತ್ರಿ ಹುಳುವಿನ ಮನೆಯಲ್ಲೇ. ತೋಟದ ಕಡೆ ಮೊಬೈಲು ನೋಡಿಕೊಳ್ಳುತ್ತದೆ ಎಂಬ ಧೈರ್ಯ. ಐದನೆಯ ದಿನ ನೀರು ಬಿಟ್ಟಿದ್ದ, ಮೊಬೈಲು ಹಸಿರಾಗಿತ್ತು. ಆರನೆಯ ದಿನ ಹಸಿರು. ಒಂಬತ್ತನೆಯ ದಿನವೂ ಹಸಿರು. ಹನ್ನೆರಡನೆಯ ದಿನವೂ ಹಸಿರು. ಬೇಸಿಗೆಯ ಬಿಸಿಲು ಸುರಿಯುತ್ತಿತ್ತು.

ಗುರುತಿಸಿದವರು ಅತ್ತಿಗೆ. ಸೊಪ್ಪು ಕೊಯ್ಯಲು ಹೋದವರು ಎಲೆ ಮುಟ್ಟಿ ನೋಡಿ, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿದರು. ಉಂಡೆ ಆಗಲಿಲ್ಲ, ಬೆರಳ ಸಂದಿಯಿಂದ ಉದುರಿ ಹೋಯಿತು. ಓಡಿ ಬಂದು ಅಣ್ಣನಿಗೆ ಹೇಳಿದರು. ಪೆಟ್ಟಿಗೆ ತೆಗೆದು ನೋಡಿದರೆ ಸೆಲ್ಲು ಸತ್ತು ಒಂದು ವಾರವಾಗಿತ್ತು. ಯಂತ್ರ ಸಾಯುವ ಮುಂಚೆ ಕಳಿಸಿದ ಕೊನೆಯ ಅಂಕಿಯನ್ನೇ ಮೊಬೈಲು ಹಿಡಿದುಕೊಂಡು ಕೂತಿತ್ತು. ಆ ಸಲ ಅಣ್ಣ ಪಕ್ಕದ ಊರಿನಿಂದ ದುಡ್ಡು ಕೊಟ್ಟು ಸೊಪ್ಪು ತಂದು ಹುಳು ಉಳಿಸಿಕೊಂಡ. ಗೂಡು ತೆಳುವಾಯಿತು. ರಾಮನಗರದ ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆ ಸಾಲದ ಕಂತಿಗೆ ಸಾಕಾಗಲಿಲ್ಲ.

ನಾನು ಊರಿಗೆ ಹೋದಾಗ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಂತ್ರ ಅಟ್ಟದ ಮೇಲೆ ಬಿದ್ದಿತ್ತು. ರಾತ್ರಿ ಊಟ ಆದ ಮೇಲೆ ಇಷ್ಟೇ ಅಂದ: "ನಿನ್ ಯಂತ್ರ ಸತ್ತೋಗಿದ್ರೆ ನಂಗೇನೂ ಬೇಜಾರಿರ್ನಿಲ್ಲ ಕಣ್ಲಾ. ಸತ್ ಮೇಲೂವೆ ನೀರದೆ ನೀರದೆ ಅಂತಿತ್ತಲ್ಲ, ಅದು ತಪ್ಪು."

ಆ ಮಾತು ನನಗೆ ಬಹಳ ದಿನ ನಿದ್ದೆ ಕೆಡಿಸಿತು. ಲೆಕ್ಕ ಹಾಕಲು ಕುಳಿತೆ. ಈ ಲೆಕ್ಕವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ನೀವೇ ಮಾಡಬಹುದು, ಭಾಗಾಕಾರ ಬಂದರೆ ಸಾಕು. ಎರಡು ಸೆಲ್ಲಿನ ಜೋಡಿಯನ್ನು ಒಂದು ತೊಟ್ಟಿ ಅಂದುಕೊಳ್ಳಿ. ಅದರಲ್ಲಿ 2000 ಮಿಲಿಆಂಪಿಯರ್-ಗಂಟೆ ಇದೆ. ಅಂದರೆ 1 ಮಿಲಿಆಂಪಿಯರ್ ತೆಗೆದರೆ 2000 ಗಂಟೆ ಬರುತ್ತದೆ. ನನ್ನ ಬೋರ್ಡು 10 ಮಿಲಿಆಂಪಿಯರ್, ಸೆನ್ಸರ್ 5, ಒಟ್ಟು 15. ಎರಡೂ ಹಗಲು ರಾತ್ರಿ ಎಚ್ಚರ. 2000 ಭಾಗಿಸು 15, ಸುಮಾರು 133 ಗಂಟೆ. ಐದೂವರೆ ದಿನ. ಆರನೆಯ ದಿನ ಸತ್ತದ್ದರಲ್ಲಿ ಆಶ್ಚರ್ಯವೇ ಇರಲಿಲ್ಲ. ಇಂಥ ಲೆಕ್ಕವನ್ನು ಕಂಪನಿಯಲ್ಲಿ ಸಂಬಳಕ್ಕೆ ದಿನಾ ಮಾಡುವ ನಾನು ಅಣ್ಣನ ತೋಟಕ್ಕೆ ಮಾಡಿರಲಿಲ್ಲ.

ಮೊದಲ ಪ್ರಶ್ನೆ: ಎಷ್ಟು ಸಲ ಅಳೆಯಬೇಕು? ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಅಳೆಯುವ ವಸ್ತು ಎಷ್ಟು ಬೇಗ ಏರಿಳಿಯುತ್ತದೋ ಅದರ ಎರಡರಷ್ಟಕ್ಕಿಂತ ಹೆಚ್ಚು ಬೇಗ ಅಳೆಯಬೇಕು. ಸಂಗೀತದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ, ಯಾಕೆಂದರೆ ನಮ್ಮ ಕಿವಿ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ಹಳೆಯ ಟೆಲಿಫೋನ್ ಜಾಲದಲ್ಲಿ ಮಾತಿಗೆ 8,000 ಸಾಕಾಗಿತ್ತು. ಮಣ್ಣಿನ ತೇವ ಎಷ್ಟು ಬೇಗ ಬದಲಾಗುತ್ತದೆ? ಗಂಟೆಗಟ್ಟಲೆ ಬೇಕು. ಸೆಕೆಂಡಿಗೆ ಹತ್ತು ಸಲ ಎಂದರೆ ದಿನಕ್ಕೆ 8,64,000 ಸಲ ನಾನು ಮಣ್ಣನ್ನು ತಟ್ಟಿ ಎಬ್ಬಿಸಿ ಕೇಳುತ್ತಿದ್ದೆ. ಅರ್ಧ ಗಂಟೆಗೆ ಒಂದು ಸಲ ಎಂದರೆ 48 ಸಲ. ಕನ್ನಂಬಾಡಿ ಕಟ್ಟೆಯನ್ನು ನೋಡಿ. ತುಂಬಿದ ಮಟ್ಟ 124.80 ಅಡಿ. ಇವತ್ತು ಎಷ್ಟಿದೆ ಎಂದು ಇಡೀ ಜಿಲ್ಲೆ ಬೆಳಿಗ್ಗೆ ಪತ್ರಿಕೆಯಲ್ಲಿ ಒಂದು ಸಲ ನೋಡುತ್ತದೆ. ನಾಲೆಗೆ ನೀರು ಬರುತ್ತದೋ ಇಲ್ಲವೋ ಎಂಬ ಯೋಚನೆಗೆ ಅಷ್ಟು ಸಾಕು. ಪ್ರತಿ ಸೆಕೆಂಡಿನ ಮಟ್ಟ ಯಾರಿಗೂ ಬೇಡ.

ಹಾಗಾಗಿ ಬೋರ್ಡು ಅರ್ಧ ಗಂಟೆ ಮಲಗಿ, ಒಂದು ಗಳಿಗೆ ಎದ್ದು, ಅಳೆದು, ಮತ್ತೆ ಮಲಗುವ ಹಾಗೆ ಬದಲಾಯಿಸಿದೆ. ಮಲಗಿದಾಗ ಅದು ತಿನ್ನುವುದು 10 ಮೈಕ್ರೋಆಂಪಿಯರ್ ಮಾತ್ರ. ಈಗ ವರ್ಷಗಟ್ಟಲೆ ಬರುತ್ತದೆ ಎಂದು ಬೆಂಗಳೂರಿನ ಮನೆಯ ಬಾಲ್ಕನಿಯ ಕುಂಡದಲ್ಲಿ ಇಟ್ಟು ನೋಡಿದೆ. ಹದಿನೇಳನೆಯ ದಿನ ಸತ್ತಿತು.

ಯಾಕೆ ಹೇಳಿ? ಬೋರ್ಡು ಮಲಗಿತ್ತು, ಸೆನ್ಸರ್ ಮಲಗಿರಲಿಲ್ಲ. ಅದರ 5 ಮಿಲಿಆಂಪಿಯರ್ ಹಗಲು ರಾತ್ರಿ ಹರಿಯುತ್ತಲೇ ಇತ್ತು. 2000 ಭಾಗಿಸು 5, 400 ಗಂಟೆ. ಮನೆಯ ಯಜಮಾನ ಮಲಗಿದ, ಹಿತ್ತಲ ನಲ್ಲಿ ನಿಲ್ಲಿಸಿರಲಿಲ್ಲ. ಒಂದು ಚಿಕ್ಕ ಟ್ರಾನ್ಸಿಸ್ಟರನ್ನು ಬಾಗಿಲಿನ ಹಾಗೆ ಇಟ್ಟು, ಅಳೆಯುವ ಹೊತ್ತಿನಲ್ಲಿ ಮಾತ್ರ ಸೆನ್ಸರಿಗೆ ಕರೆಂಟು ಕೊಟ್ಟೆ. ಎದ್ದ ಕೂಡಲೇ ಕೊಡುವ ಅಂಕಿ ಸರಿಯಿರುವುದಿಲ್ಲ, ನಿದ್ದೆಯಿಂದ ಎದ್ದವನ ಮಾತಿನ ಹಾಗೆ. ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಕಾಯ್ದು, ಮೊದಲ ಅಂಕಿಯನ್ನು ಎಸೆದು, ಎರಡನೆಯದನ್ನು ತೆಗೆದುಕೊಳ್ಳಬೇಕು.

ಇಷ್ಟಾದ ಮೇಲೆ ಮತ್ತೆ ಲೆಕ್ಕ ಬರೆದೆ. ದಿನಕ್ಕೆ 48 ಸಲ ಎದ್ದು ಅಳೆಯುವುದಕ್ಕೆ 0.02 ಮಿಲಿಆಂಪಿಯರ್-ಗಂಟೆ. ಇಡೀ ದಿನ ಮಲಗಿರುವುದಕ್ಕೆ 0.24. ಅಂದರೆ ಈಗ ಎಚ್ಚರಕ್ಕಿಂತ ನಿದ್ದೆಯ ಖರ್ಚೇ ಹನ್ನೆರಡು ಪಟ್ಟು. ಆದರೆ ಮೀಟರ್ ಹಾಕಿ ನೋಡಿದರೆ 3.8ರಷ್ಟು ಹೋಗುತ್ತಿದೆ. ಉಳಿದ 3.6 ಎಲ್ಲಿ? ಎರಡು ಸಂಜೆ ಹುಡುಕಿದೆ. ಕೊನೆಗೆ ಸಿಕ್ಕಿತು. ಸೆಲ್ಲು ಎಷ್ಟು ಉಳಿದಿದೆ ಎಂದು ಎ.ಡಿ.ಸಿ.ಗೆ ತಿಳಿಯಲಿ ಎಂದು ಸೆಲ್ಲಿನ ಎರಡು ತುದಿಗೆ 10,000 ಓಮಿನ ಎರಡು ರೆಸಿಸ್ಟರ್ ಸರಣಿಯಲ್ಲಿ ಹಾಕಿದ್ದೆ. 3 ವೋಲ್ಟು ಭಾಗಿಸು 20,000 ಓಮು, 0.15 ಮಿಲಿಆಂಪಿಯರ್. ಇಪ್ಪತ್ನಾಲ್ಕು ಗಂಟೆಗೆ 3.6. ಸೆಲ್ಲು ಎಷ್ಟಿದೆ ಎಂದು ನೋಡುವ ಏರ್ಪಾಡೇ ಸೆಲ್ಲನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿತ್ತು! ಅದು ಓಮನ ನಿಯಮ, ಅದೇ ಹತ್ತನೇ ತರಗತಿಯದು. ಆ ಸಂಜೆ ನನಗೆ ಹಿತ್ತಾಳೆಯ ಪ್ಲಗ್ ಕೀ ನೆನಪಾಯಿತು, ಮೇಷ್ಟ್ರ ಧ್ವನಿಯೂ ಕೇಳಿಸಿತು. ರೀಡಿಂಗ್ ಆಗಿ ತಿಂಗಳಾಗಿತ್ತು, ನಾನು ಕೀ ತೆಗೆದಿರಲಿಲ್ಲ.

10,000ದ ಜಾಗದಲ್ಲಿ 10 ಲಕ್ಷ ಓಮಿನವನ್ನು ಹಾಕಿದೆ. ಸೋರಿಕೆ ನೂರರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೆ ಹೊಸ ತೊಂದರೆ ಬಂತು: ಅಂಕಿ ತಪ್ಪು ಬರತೊಡಗಿತು. ಎ.ಡಿ.ಸಿ. ಅಳೆಯುವ ಮೊದಲು ವೋಲ್ಟೇಜನ್ನು ಒಂದು ಪುಟ್ಟ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ, ಚೆಂಬಿನಲ್ಲಿ ನೀರು ಹಿಡಿದು ಆಮೇಲೆ ಅಳೆದ ಹಾಗೆ. ದೊಡ್ಡ ರೆಸಿಸ್ಟರ್ ಎಂದರೆ ಸಣ್ಣ ಪೈಪು, ಕೊಟ್ಟ ಸಮಯದಲ್ಲಿ ಚೆಂಬು ತುಂಬುವುದಿಲ್ಲ. ಪಕ್ಕದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಕೆಪಾಸಿಟರ್ ಇಟ್ಟೆ. ಅದು ಅರ್ಧ ಗಂಟೆಯಲ್ಲಿ ನಿಧಾನವಾಗಿ ತುಂಬಿಕೊಂಡಿರುತ್ತದೆ, ಬೇಕಾದಾಗ ಚೆಂಬಿಗೆ ಥಟ್ಟನೆ ಬಗ್ಗಿಸುತ್ತದೆ. ಸರಿಹೋಯಿತು.

ಎರಡನೆಯ ಪ್ರಶ್ನೆ: ಎಷ್ಟು ನುಣ್ಣಗೆ ಅಳೆಯಬೇಕು? ಒಂದೇ ವಸ್ತುವನ್ನು ಗಾಳಿಯಲ್ಲಿ ಅಲ್ಲಾಡುವ ತಕ್ಕಡಿಯಲ್ಲಿ ತೂಗಿದರೆ ಪ್ರತಿ ಸಲವೂ ಒಂದಿಷ್ಟು ಹೆಚ್ಚು ಕಡಿಮೆ ಬರುತ್ತದೆ. ನಾಲ್ಕು ಸಲ ತೂಗಿ ಸರಾಸರಿ ತೆಗೆದರೆ ಆ ಅಲ್ಲಾಟದ ತಪ್ಪು ಅರ್ಧವಾಗುತ್ತದೆ. ಕಾಲು ಭಾಗ ಮಾಡಬೇಕಾದರೆ 16 ಸಲ. ಚಿಪ್ಪಿನೊಳಗೂ ಅಂಥ ಗಾಳಿ ಇದೆ. ಶಾಖಕ್ಕೆ ಎಲೆಕ್ಟ್ರಾನುಗಳು ಅಲ್ಲಾಡುವುದರಿಂದ ಹುಟ್ಟುವ ಗದ್ದಲ ಅದು. ಆ ಗದ್ದಲವೇ ಅಡ್ಡ ಬರುವ ಮಟ್ಟ ಮುಟ್ಟಿದ ಮೇಲೆ, ಒಂದು ಬಿಟ್ಟು ಹೆಚ್ಚಿಗೆ ಬೇಕೆಂದರೆ ಸುಮಾರು ನಾಲ್ಕು ಪಟ್ಟು ಶಕ್ತಿ ಬೇಕು. ಆರು ಬಿಟ್ಟು ಹೆಚ್ಚಿಗೆ ಎಂದರೆ ನಾಲ್ಕನ್ನು ಆರು ಸಲ ಗುಣಿಸಿ: 4096 ಪಟ್ಟು. ವೋಲ್ಟೇಜು ಅರ್ಧ ಮಾಡಿದರೆ ಕೆಪಾಸಿಟರ್ ತುಂಬುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ನಿಜ. ಆದರೆ ಆಗ ಅಳೆಯುವ ವೋಲ್ಟೇಜೂ ಚಿಕ್ಕದಾಗಿ ಅದೇ ಗದ್ದಲ ದೊಡ್ಡದಾಗಿ ಕಾಣುತ್ತದೆ. ಹೀಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆದ ಮೇಲೆ ಅಂಥ ಕೆಲಸ ಆ ಊರಿನಲ್ಲಿ ಬೇರೂರಿತು. ಈ ಎಳೆದಾಟದ ಲೆಕ್ಕ ಮಾಡುತ್ತಾ ಕುಳಿತವರು ಅಲ್ಲಿ ಇವತ್ತು ಬಹಳ ಜನ ಇದ್ದಾರೆ. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿ ಹೋದ ನಾನೂ ಅವರಲ್ಲೊಬ್ಬ.

ಅಣ್ಣನಿಗೆ ಎಷ್ಟು ನುಣುಪು ಬೇಕಿತ್ತು? ನಾನು 16 ಬಿಟ್ಟಿನ ಎ.ಡಿ.ಸಿ. ಹಾಕಿದ್ದೆ, 65,536 ಮೆಟ್ಟಿಲು. ಅವನಿಗೆ ಬೇಕಾದ ಉತ್ತರ ಮೂರೇ: ನೀರು ಬಿಡು, ಬಿಡಬೇಡ, ನಾಳೆ ನೋಡೋಣ. ಆ ಸೆನ್ಸರೇ ನೂರಕ್ಕೆ ಕೆಲವು ಅಂಕಿ ಹೆಚ್ಚು ಕಡಿಮೆ ಹೇಳುವಂಥದ್ದು. ಇಟ್ಟಿಗೆ ಲಾರಿಯನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಲು ಹೋಗಿದ್ದೆ. ಬೋರ್ಡಿನೊಳಗೇ ಇದ್ದ ಹತ್ತು ಬಿಟ್ಟಿನದೇ ಧಾರಾಳವಾಗಿ ಸಾಕಿತ್ತು. ಅದರಲ್ಲೂ ಎಂಟನ್ನೇ ಬಳಸಿದೆ.

ಮೂರನೆಯ ಪ್ರಶ್ನೆ: ಎಷ್ಟು ಸಲ ಹೇಳಬೇಕು? ಒಂದು ಸಲ ರೇಡಿಯೊದಲ್ಲಿ ಸುದ್ದಿ ಕಳಿಸುವ ಖರ್ಚು ಒಂದು ಸಲ ಅಳೆಯುವ ಖರ್ಚಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದ್ದರಿಂದ 48 ಸಲ ಅಳೆದರೂ ದಿನಕ್ಕೆ ನಾಲ್ಕು ಸಲ ಮಾತ್ರ ಹೇಳುವ ಹಾಗೆ ಮಾಡಿದೆ. ಮಣ್ಣು ಇದ್ದಕ್ಕಿದ್ದ ಹಾಗೆ ಬಹಳ ಒಣಗಿದರೆ ಮಾತ್ರ ಐದನೆಯ ಸಲ.

ಇಷ್ಟೆಲ್ಲ ಆದ ಮೇಲೆ ದಿನದ ಖರ್ಚು ಸುಮಾರು 0.3. ಕಾಗದದ ಮೇಲೆ 2000 ಭಾಗಿಸು 0.3, ಹದಿನೆಂಟು ವರ್ಷ! ಅದನ್ನು ನಂಬಬೇಡಿ. ಸೆಲ್ಲು ಸುಮ್ಮನಿದ್ದರೂ ತನ್ನಷ್ಟಕ್ಕೇ ಸವೆಯುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಕಾಗದದ ಲೆಕ್ಕ ಹೇಳುವುದು ಇಷ್ಟೇ: ಇನ್ನು ಮುಂದೆ ಸೆಲ್ಲು ಹಾಳಾದರೆ ಅದಕ್ಕೆ ನಾನು ಕಾರಣನಲ್ಲ.

ಆದರೆ ಅಣ್ಣ ಹೇಳಿದ ಮಾತಿಗೆ ಇದು ಉತ್ತರವಲ್ಲ. ಅವನು ಸೆಲ್ಲಿನ ಬಗ್ಗೆ ದೂರಿರಲಿಲ್ಲ, ಸುಳ್ಳಿನ ಬಗ್ಗೆ ದೂರಿದ್ದ. ಅದಕ್ಕೆ ಕೊನೆಯ ಬದಲಾವಣೆ. ಮನೆಯ ಪೆಟ್ಟಿಗೆಗೆ 12 ಗಂಟೆ ಹೊಲದಿಂದ ಸುದ್ದಿ ಬಾರದಿದ್ದರೆ ಮೊಬೈಲಿನ ಹಸಿರು ಅಳಿಸಿ ಹೋಗುತ್ತದೆ. ಅಲ್ಲಿ "ಗೊತ್ತಿಲ್ಲ, ಹೋಗಿ ಮಣ್ಣು ನೋಡಿ" ಎಂದು ಬರುತ್ತದೆ. ಇದಕ್ಕೆ ಒಂದು ಮೈಕ್ರೋಆಂಪಿಯರ್ ಕೂಡ ಹೆಚ್ಚಿಗೆ ಬೇಕಾಗಲಿಲ್ಲ. ಇಡೀ ಯಂತ್ರದಲ್ಲಿ ಅತಿ ಮುಖ್ಯವಾದ ಸಾಲು ಅದು. ನಾನು ಮೊದಲೇ ಬರೆಯಬೇಕಾಗಿತ್ತು.

ಒಂದು ವರ್ಷ ಬಿಟ್ಟು ಅಣ್ಣನನ್ನು ಮತ್ತೆ ಕೇಳಿದೆ. ಅವನು ಸುಮ್ಮನಿದ್ದ. ಅತ್ತಿಗೆ ಅಂದರು: "ಹಾಕ್ಲಿ ಬುಡಿ. ಆದ್ರೆ ನಾನೂ ದಿನಾ ಒಂದಪ ಮಣ್ಣು ಹಿಡ್ದು ನೋಡ್ತೀನಿ. ಅದು ಹೇಳೋದು, ನಾನು ಹೇಳೋದು ಒಂದೇ ಆದ್ರೆ ಆಮೇಲೆ ನೋಡಮ." ಎರಡು ಬೆಳೆ ಹಾಗೇ ನಡೆಯಿತು. ಅತ್ತಿಗೆ ಕ್ಯಾಲೆಂಡರಿನ ಮೇಲೆ ದಿನಾ ಗುರುತು ಹಾಕುತ್ತಿದ್ದರು. ಏಳು ದಿನ ಹೊಂದಲಿಲ್ಲ. ಅದರಲ್ಲಿ ಐದು ದಿನ ಅತ್ತಿಗೆ ಸರಿ, ಸೆನ್ಸರ್ ಡ್ರಿಪ್ಪಿನ ತೂತಿಗೆ ತೀರಾ ಹತ್ತಿರ ಇತ್ತು. ಅದನ್ನು ಒಂದು ಗೇಣು ದೂರ ಸರಿಸಿದೆವು. ಈಗ ಯಂತ್ರ ತೋಟದಲ್ಲಿದೆ. ಪ್ರತಿ ಯುಗಾದಿಗೆ, ಖಾಲಿಯಾಗಿರಲಿ ಬಿಡಲಿ, ಅಣ್ಣ ಹೊಸ ಸೆಲ್ಲು ಹಾಕುತ್ತಾನೆ. ಬೇಡದ ರಾತ್ರಿ ಅವನು ಹೊಲಕ್ಕೆ ಹೋಗುವುದಿಲ್ಲ. ಅತ್ತಿಗೆ ಇವತ್ತಿಗೂ ಮಣ್ಣು ಹಿಡಿದು ನೋಡುತ್ತಾರೆ.

ಮಕ್ಕಳೇ, ಇಂಥ ಆರು ಬೋರ್ಡುಗಳನ್ನೂ ಒಂದು ಮಲ್ಟಿಮೀಟರನ್ನೂ ಇವತ್ತು ನಿಮ್ಮ ಪ್ರಯೋಗಾಲಯಕ್ಕೆ ಕೊಟ್ಟು ಹೋಗುತ್ತಿದ್ದೇನೆ. ಒಂದು ಬೋರ್ಡನ್ನು ಶಾಲೆಯ ಕೈತೋಟದಲ್ಲಿ ನೆಡಿ. ಮಲ್ಟಿಮೀಟರನ್ನು ಸೆಲ್ಲಿಗೆ ಸರಣಿಯಲ್ಲಿ ಜೋಡಿಸಿ, ಯಂತ್ರ ಎದ್ದಾಗ ಎಷ್ಟು, ಮಲಗಿದಾಗ ಎಷ್ಟು ಎಂದು ಬರೆದುಕೊಳ್ಳಿ. ಅದರಲ್ಲಿ ಒಂದು ಬೋರ್ಡಿನಲ್ಲಿ ಬೇಕೆಂದೇ ಒಂದು ಸೋರಿಕೆ ಬಿಟ್ಟಿದ್ದೇನೆ. ಯಾವುದರಲ್ಲಿ, ಎಲ್ಲಿ ಎಂದು ಹೇಳುವುದಿಲ್ಲ. ನಿಮ್ಮ ಮೇಷ್ಟ್ರಿಗೂ ಹೇಳಿಲ್ಲ. ಹುಡುಕಿದವರು ನನಗೆ ಕಾಗದ ಬರೆಯಿರಿ. ಕಾಗದದಲ್ಲಿ ಉತ್ತರ ಮಾತ್ರ ಸಾಲದು, ಹೇಗೆ ಹುಡುಕಿದಿರಿ ಎಂದೂ ಇರಬೇಕು.

ಯಾವುದನ್ನೇ ಅಳೆಯುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾರಿಗೆ ಬೇಕು, ಎಷ್ಟು ಸಲ ಬೇಕು, ಎಷ್ಟು ನುಣ್ಣಗೆ ಬೇಕು. ಯಂತ್ರಕ್ಕೆ ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಹೇಳಲು ಕಲಿಸಿ. ಮಲ್ಟಿಮೀಟರಿನಲ್ಲಿ ರೀಡಿಂಗ್ ಆದ ಮೇಲೆ ಅದನ್ನು ಆಫ್ ಮಾಡುವುದನ್ನು ಮರೆಯಬೇಡಿ. ಅದರೊಳಗೂ ಒಂದು ಎ.ಡಿ.ಸಿ. ಇದೆ, ಒಂದು ಸೆಲ್ಲು ಇದೆ, ನಿಮ್ಮ ಹಿಂದೆ ಇನ್ನೊಬ್ಬ ಕಾಯುತ್ತಿರುತ್ತಾನೆ.

ಮೇಷ್ಟ್ರೇ, ನನ್ನ ರೀಡಿಂಗ್ ಆಯಿತು. ಕೀ ತೆಗೆಯುತ್ತೇನೆ.